ಹಿಂತಿರುಗುವ ಹೊತ್ತು

ಮನೆಯಿಂದ ಹೊರಡತಕ್ಕ ಹೊತ್ತನ್ನು ಗೊತ್ತುಮಾಡುವುದಕ್ಕೆ ಪಂಚಾಂಗವುಂಟು. ರಾಹುಕಾಲ ಗುಳಿಕಕಾಲಗಳನ್ನು ಕಳೆದು, ವಾರಶೂಲೆಯನ್ನು ನೋಡಿ, ಯಾವ ದಿಕ್ಕಿಗೆ ಯಾವ ದಿನ ಪ್ರಯಾಣ ಮಾಡಬಾರದೆಂಬುದನ್ನು ಕೂಡ ಹಿರಿಯರು ಬರೆದಿಟ್ಟಿದ್ದಾರೆ. ಹೋದ ಸ್ಥಳದಿಂದ ಏಳತಕ್ಕ ಹೊತ್ತು ಯಾವುದೆಂಬುದನ್ನು ಮಾತ್ರ ಬಹುಮಟ್ಟಿಗೆ ಲೋಕರೂಢಿಗೇ ಬಿಟ್ಟಿದ್ದಾರೆ. ಮದುವೆಯ ಮನೆಯಿಂದ ತಾಂಬೂಲವನ್ನು ಕೈಗೆ ತೆಗೆದುಕೊಂಡ ಮೇಲೆ ಏಳುವುದು; ಸಾವಿನ ಮನೆಯಿಂದ ಹೇಳದೆಯೇ ಎದ್ದುಬರುವುದು; ಜಾತ್ರೆಯಿಂದ ತೇರು ನೆಲೆಗೆ ನಿಂತ ಮೇಲೆ ಮರಳುವುದು. ಇವನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಆದರೆ ಮಕ್ಕಳನ್ನು ಕರೆದುಕೊಂಡು ಈಗಿನ ವಿನೋದೋದ್ಯಾನಗಳಿಗೆ ಹೋದವರು ಅಲ್ಲಿ ಎಷ್ಟು ಹೊತ್ತು ಇರಬೇಕೆಂಬುದಕ್ಕೆ ರೂಢಿಯೊಂದು ಇನ್ನೂ ಹುಟ್ಟಿಲ್ಲ. ಬಾಗಿಲು ಮುಚ್ಚುವವರೆಗೆ ಇರುವುದೇ ರೂಢಿಯೆಂದು ಅನೇಕರು ತಿಳಿದಿದ್ದಾರೆ. ಮುಚ್ಚುವ ಹೊತ್ತಿನಲ್ಲಿ, ಮೋಟಾರುಗಳನ್ನು ನಿಲ್ಲಿಸುವ ಹೊರಬಯಲಿನಲ್ಲಿ ಒಂದು ಗಳಿಗೆ ನಿಂತು ನೋಡಿದವರಿಗೆ, ಈ ತಿಳಿವಳಿಕೆಗೆ ಎಳೆಯ ಮಕ್ಕಳು ಕೊಡುವ ತೆರಿಗೆ ಎಷ್ಟೆಂಬುದು ಕಣ್ಣಿಗೂ ಕಿವಿಗೂ ಗೋಚರವಾಗುವುದು.

ಮಂಡ್ಯದ ಒಂದು ಮನೆಯಲ್ಲಿ 2025ರ ಬೇಸಗೆಯಲ್ಲಿ ಈ ಪ್ರಶ್ನೆ ಒಂದು ವಾರಕಾಲ ಚರ್ಚೆಗೆ ಬಂದಿತು. ಮನೆಯ ಹಿರಿಯರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಮಗನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ವಾರದ ಕೊನೆಗೆ ಮಾತ್ರ ಮನೆಗೆ ಬರತಕ್ಕವನು. ಸೊಸೆ ಊರಿನ ಕಾಲೇಜೊಂದರಲ್ಲಿ ಅಧ್ಯಾಪಕಿ. 10 ವರ್ಷದ ಮೊಮ್ಮಗ, ಐದೂವರೆ ವರ್ಷದ ಮೊಮ್ಮಗಳು. ಮಗನಿಗೆ ಜರ್ಮನಿಯಲ್ಲಿ 2 ವರ್ಷದ ಕೆಲಸ ಗೊತ್ತಾಗಿ, ಹೊರಡುವುದಕ್ಕೆ 12 ದಿನಗಳು ಉಳಿದಿದ್ದುವು. ಅವುಗಳಲ್ಲಿ ಒಂದು ಇಡೀ ದಿನವನ್ನು ಮಕ್ಕಳಿಗೆಂದು ಅವನು ತೆಗೆದಿಟ್ಟಿದ್ದನು. ಎಲ್ಲಿಗೆ ಹೋಗೋಣವೆಂದು ಕೇಳಿದಾಗ ಮಕ್ಕಳಿಬ್ಬರೂ ಒಂದೇ ಬಾಯಲ್ಲಿ ಬೆಂಗಳೂರು ದಾರಿಯ ಒಂದು ವಿನೋದೋದ್ಯಾನದ ಹೆಸರನ್ನು ಹೇಳಿದರು. ಅಲ್ಲಿಗೆ ವಿವಾದವಿಲ್ಲ. ವಿವಾದವೆದ್ದದ್ದು ಹೊತ್ತಿನ ವಿಷಯದಲ್ಲಿ. ಬಾಗಿಲು ತೆರೆದಾಗ ಒಳಹೊಕ್ಕು ಮುಚ್ಚಿದಾಗ ಹೊರಬರಬೇಕೆಂದು ಮಗನ ಮತ. ಮೂರೂವರೆಗೆ ಅಲ್ಲಿಂದ ಹೊರಡತಕ್ಕದ್ದೆಂದು ಹಿರಿಯರ ಮತ.

ಹಿರಿಯರ ಮತಕ್ಕೆ ಪೂರ್ವಾನುಭವವೊಂದು ಆಧಾರವಾಗಿತ್ತು. 2023ರ ಮೇ ತಿಂಗಳ ಒಂದು ಭಾನುವಾರ ಇದೇ ಸಂಸಾರವು ಇದೇ ತೆರನ ಸ್ಥಳಕ್ಕೆ ಹೋಗಿ 11 ಗಂಟೆಯಿಂದ 6 ಗಂಟೆಯವರೆಗೆ ಇದ್ದು ಬಂದಿತ್ತು. ಮೊದಲ ಎರಡು ಗಂಟೆ ಎಲ್ಲರಿಗೂ ಹಬ್ಬ. ಊಟವಾದ ಮೇಲೆ ಹೆಣ್ಣುಮಗುವಿಗೆ ನಿದ್ದೆಯ ಹೊತ್ತು, ನಿದ್ದೆಗೆ ಸ್ಥಳವಿಲ್ಲ. ಮೂರು ಗಂಟೆಗೆ ಅದು ತಾಯಿಯ ಹೆಗಲಿಗೆ ಅಂಟಿಕೊಂಡಿತು. ನಾಲ್ಕಕ್ಕೆ ಕಾರಣವಿಲ್ಲದೆ ಅಳತೊಡಗಿತು. "ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ, ಇನ್ನೆರಡು ನೋಡಿಬಿಡೋಣ" ಎಂದು ತಂದೆ ಎರಡು ಸಲ ಹೇಳಿದನು. ಹುಡುಗನು ಅಷ್ಟು ಹೊತ್ತಿಗೆ ಬಿಸಿಲಿನಲ್ಲಿ ಕೆಂಪೇರಿ, ಯಾವುದನ್ನು ಕೊಟ್ಟರೂ ಸಾಲದೆಂಬ ಸ್ಥಿತಿಗೆ ಬಂದಿದ್ದನು. ಆರು ಗಂಟೆಗೆ ಹೊರಗೆ ಬಂದು ಮೋಟಾರಿನ ಬಾಗಿಲು ತೆಗೆಯುತ್ತಿರುವಾಗ, ಐಸ್‌ಕ್ರೀಮಿನ ವಿಷಯವಾಗಿ ಅವನು ಆಡಿದ ಒಂದು ಮಾತಿಗೆ, ಎಂದೂ ಕೈಯೆತ್ತದ ತಂದೆ ಅವನ ಕೆನ್ನೆಗೆ ಒಂದು ಕೊಟ್ಟನು. ಮಂಡ್ಯದವರೆಗೆ ಯಾರೂ ಮಾತನಾಡಲಿಲ್ಲ. ಒಂದು ತಿಂಗಳಾದ ಮೇಲೆ, ಆ ದಿನ ಏನೇನು ನೋಡಿದೆ ಮಗು ಎಂದು ಅಜ್ಜಿ ಕೇಳಿದ್ದಕ್ಕೆ ಹುಡುಗನು, "ಅಪ್ಪ ಹೊಡೆದರು ಅಜ್ಜಿ" ಎಂದನಂತೆ. ಏಳು ಗಂಟೆಗಳ ಪೈಕಿ ಅವನ ಪಾಲಿಗೆ ಉಳಿದದ್ದು ಆ ಒಂದು ಕ್ಷಣ.

ಇದರಲ್ಲಿ ತಂದೆಯದು ತಪ್ಪೆಂದು ತೀರ್ಪು ಹೇಳುವುದು ಸುಲಭ. ಆದರೆ "ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ" ಎಂಬ ಮಾತಿನ ಮೂಲವನ್ನು ವಿಚಾರಿಸಿದರೆ ಅದು ಅವನೊಬ್ಬನ ಸ್ವಭಾವದಲ್ಲಿಲ್ಲ. ಹಿಂದಿನ ಜಾತ್ರೆಗಳಲ್ಲಿ ರಂಕಲರಾಟೆ ಹತ್ತುವವನು ಒಂದು ಸುತ್ತಿಗೆ ಇಷ್ಟೆಂದು ಚಿಲ್ಲರೆ ಕೊಟ್ಟು ಹತ್ತುತ್ತಿದ್ದನು. ಜೇಬು ಬರಿದಾದಾಗ ಆಟ ಮುಗಿಯಿತು. ಮಕ್ಕಳು ಹಟ ಮಾಡಿದರೆ ಜೇಬನ್ನು ಹೊರಳಿಸಿ ತೋರಿಸಿದರಾಯಿತು. ಎಷ್ಟು ಹೊತ್ತೆಂಬ ಪ್ರಶ್ನೆಯನ್ನು ಹಣವೇ ಬಿಡಿಸುತ್ತಿತ್ತು. ಅಮೆರಿಕದ ವಾಲ್ಟ್ ಡಿಸ್ನಿಯವರು 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಹೈಮ್ ಎಂಬ ಊರಿನಲ್ಲಿ ತೆರೆದ ಡಿಸ್ನಿಲ್ಯಾಂಡ್ ಈಗಿನ ವಿನೋದೋದ್ಯಾನಗಳಿಗೆಲ್ಲ ಮೇಲ್ಪಂಕ್ತಿಯೆನಿಸಿದುದು. ಅಲ್ಲಿಯೂ ಬಹುಕಾಲದವರೆಗೆ ಜಾತ್ರೆಯ ಕ್ರಮವೇ ಇತ್ತು. ಒಳಹೋಗುವುದಕ್ಕೆ ಒಂದು ಚೀಟಿ, ಆಟಗಳಿಗೆ ಬೇರೆ ಚೀಟಿಗಳ ಪುಸ್ತಕ. ಅದರಲ್ಲಿ ಎ ಎಂಬ ಅಕ್ಷರದ್ದು ಅಗ್ಗದ ಆಟಕ್ಕೆ, ಇ ಎಂಬುದು ಎಲ್ಲಕ್ಕಿಂತ ದೊಡ್ಡ ಆಟಕ್ಕೆ. ಪುಸ್ತಕ ಮುಗಿದರೆ ಮನೆಗೆ. 1982ರಲ್ಲಿ ಆ ಪುಸ್ತಕಗಳು ಹೋಗಿ, ಒಂದೇ ಸಲ ಹಣ ಕೊಟ್ಟು ದಿನವೆಲ್ಲ ಬೇಕಾದಷ್ಟು ಆಡುವ ಕ್ರಮ ಬಂದಿತು. ಬಿಡದಿಯ ಬಳಿ 2005ರಲ್ಲಿ ತೆರೆದ ವಂಡರ್‌ಲಾದಲ್ಲಿಯೂ ಇದೇ ಏರ್ಪಾಡು. ನೋಡುವುದಕ್ಕೆ ಇದು ಔದಾರ್ಯ, ಲೆಕ್ಕದ ತೊಡಕಿಲ್ಲ. ಆದರೆ ಅಂದಿನಿಂದ ನಿಲ್ಲಿಸು ಎನ್ನುವ ಕೆಲಸ ಚೀಟಿಯದಾಗದೆ ತಂದೆತಾಯಿಗಳದಾಯಿತು. ಬಾಳೆಯೆಲೆಯ ಮುಂದೆ ಕುಳಿತವನಿಗೆ ಬಡಿಸುವವನೇ ಕೈ ನಿಲ್ಲಿಸದಿದ್ದರೆ, ಸಾಕೆಂದು ಎಲೆಗೆ ಕೈ ಅಡ್ಡ ಹಿಡಿಯುವ ಭಾರವೆಲ್ಲ ಉಣ್ಣುವವನ ಮೇಲೆಯೇ ಬೀಳುವುದಲ್ಲವೆ?

ಡಿಸ್ನಿಯವರ ಮಾತು ಬಂದುದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಬಹುದು. ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳು ಮರದ ಕುದುರೆಗಳ ಮೇಲೆ ಕುಳಿತು ಸುತ್ತುತ್ತಿರುವಾಗ, ತಾವು ಬೆಂಚಿನ ಮೇಲೆ ಸುಮ್ಮನೆ ಕುಳಿತು, ತಂದೆಯೂ ಮಕ್ಕಳೂ ಕೂಡಿ ಆಡುವ ಸ್ಥಳವೊಂದಿರಬೇಕೆಂದು ಯೋಚಿಸಿದುದಾಗಿ ಅವರೇ ಹೇಳಿಕೊಂಡಿದ್ದಾರೆ. ಬೇಸರಗೊಂಡ ಒಬ್ಬ ತಂದೆಯ ಯೋಚನೆಯಿಂದ ಹುಟ್ಟಿದ ವಸ್ತುವು ಅದು. 1971ರಲ್ಲಿ ಫ್ಲಾರಿಡಾದಲ್ಲಿ ತೆರೆದ ಡಿಸ್ನಿ ವರ್ಲ್ಡ್ ಎಂಬುದು ಒಂದು ಉದ್ಯಾನದಿಂದ ಆರಂಭವಾಗಿ, 1982, 1989, 1998ರಲ್ಲಿ ಒಂದೊಂದು ಸೇರಿ ನಾಲ್ಕಾಗಿದೆ. ಅಲ್ಲಿ ಎಷ್ಟು ಗಂಟೆಯೆಂದು ಯಾರೂ ಕೇಳುವುದಿಲ್ಲ, ಎಷ್ಟು ದಿನವೆಂದು ಕೇಳುತ್ತಾರೆ. ಅಮೆರಿಕದಲ್ಲಿರುವ ಮಗನೋ ಮಗಳೋ ಕರೆಸಿಕೊಂಡು, ನಾಲ್ಕು ದಿನ ನಾಲ್ಕು ಉದ್ಯಾನಗಳೆಂದು ನಡೆಸಿ ತೋರಿಸಿದ ಮೇಲೆ, ಊರಿಗೆ ಬಂದು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿರುವ ಹಿರಿಯರು ಮೈಸೂರು ಸೀಮೆಯಲ್ಲಿ ವಿರಳರಲ್ಲ.

ಶಿರಸ್ತೇದಾರರು ಲೆಕ್ಕದ ಮನುಷ್ಯರು. ಮಗನೊಡನೆ ಬರಿಯ ಮಾತಿನ ವಾದ ನಿಲ್ಲದೆಂದು ತಿಳಿದು, ಹಳೆಯ ಡೈರಿಯ ಹಾಳೆಯೊಂದರಲ್ಲಿ ಹಿಂದಿನ ಭಾನುವಾರದ ಜಮಾಖರ್ಚನ್ನು ಬರೆದರು. ಒಂದು ಆಟದ ಯಂತ್ರದಲ್ಲಿ ಒಂದು ಸಲಕ್ಕೆ 24 ಮಂದಿ ಕೂಡುತ್ತಾರೆನ್ನಿ. ಹತ್ತುವುದು, ಸುತ್ತುವುದು, ಇಳಿಯುವುದು ಸೇರಿ 4 ನಿಮಿಷ. ಮುಂದೆ 240 ಮಂದಿ ನಿಂತಿದ್ದರೆ ಹತ್ತು ಸರದಿ, ಎಂದರೆ 40 ನಿಮಿಷ ಕಾಯಬೇಕು. ತ್ರೈರಾಶಿಕ ಬಲ್ಲ ಹುಡುಗನೂ ಇದನ್ನು ಹೇಳಬಲ್ಲನು. ಒಂದು ಆಟದಿಂದ ಇನ್ನೊಂದಕ್ಕೆ ನಡೆದುಹೋಗುವುದಕ್ಕೆ 10 ನಿಮಿಷ. ಏಳು ಗಂಟೆಗಳಲ್ಲಿ ಊಟಕ್ಕೆ ಒಂದು, ಬಟ್ಟೆ ಬದಲಾಯಿಸುವುದು ಮೊದಲಾದುವಕ್ಕೆ ಒಂದು ಕಳೆದರೆ ಉಳಿದದ್ದು 5 ಗಂಟೆ, 300 ನಿಮಿಷ. 50ರಂತೆ ಭಾಗಿಸಿದರೆ 6 ಆಟ. ಒಂದೊಂದರಲ್ಲಿ ನಿಜವಾಗಿ ಸುತ್ತುವ ಕಾಲ 2 ನಿಮಿಷ. "ಏಳು ಗಂಟೆ ಬಿಸಿಲಿನಲ್ಲಿ ನಿಂತು ಸಂಪಾದಿಸಿದ್ದು ಹನ್ನೆರಡು ನಿಮಿಷ" ಎಂದು ಹಿರಿಯರು ಹಾಳೆಯ ಕೆಳಗೆ ಗೆರೆ ಎಳೆದರು. ಅದೇ, ವಾರದ ನಡುವಿನ ದಿನ ಬಾಗಿಲು ತೆರೆಯುವಾಗಲೇ ಹೋದರೆ, ಮುಂದೆ 60 ಮಂದಿಯಿದ್ದರೂ 12 ನಿಮಿಷ ಸಾಕು. ಎರಡು ಗಂಟೆಗಳಲ್ಲಿ ಐದು ಆಟಗಳಾಗುವುವು. ಎಷ್ಟು ಹೊತ್ತು ಇದ್ದೆವೆಂಬುದಕ್ಕಿಂತ ಯಾವ ಹೊತ್ತಿನಲ್ಲಿ ಇದ್ದೆವೆಂಬುದೇ ಪ್ರಧಾನವೆಂದು ಅವರ ಸಿದ್ಧಾಂತ.

ಈ ಲೆಕ್ಕದಲ್ಲಿ ಒಂದು ದೋಷವಿತ್ತು. ಅದನ್ನು ಸೊಸೆ ತೋರಿಸಿಕೊಟ್ಟಳು. "ಮಾವ, ಅಲೆ ಬರುವ ಕೊಳಕ್ಕೆ ಸಾಲೇ ಇಲ್ಲವಲ್ಲ. ಮಗು ಹೋದಸಲ ನಕ್ಕಿದ್ದೆಲ್ಲ ಅಲ್ಲೇ" ಎಂದಳು. ಹಿರಿಯರು ಹಾಳೆಯನ್ನು ತಿರುಗಿಸಿ ನೋಡಿ, ಹೌದಮ್ಮಾ ಎಂದು ಒಪ್ಪಿಕೊಂಡರು. ದೊಡ್ಡ ದೊಡ್ಡ ಯಂತ್ರಗಳಿಗೆ ಎತ್ತರದ ಕಟ್ಟಳೆಯುಂಟು. ಬಾಗಿಲಿನಲ್ಲಿ ಒಂದು ಗುರುತು. ಅದನ್ನು ತಲೆ ಮುಟ್ಟದಿದ್ದರೆ ಮಗುವನ್ನು ಹತ್ತಿಸುವುದಿಲ್ಲ. ಇದು ಕ್ಷೇಮಕ್ಕಾಗಿ ಮಾಡಿದ ನಿಯಮ, ಇರತಕ್ಕದ್ದೇ. ಆದರೆ ಇದರ ಫಲವಾಗಿ ಒಂದೇ ಸಂಸಾರವು ಒಳಹೊಕ್ಕೊಡನೆ ಎರಡಾಗುತ್ತದೆ. ಹತ್ತು ವರ್ಷದವನಿಗೆ ಬೇಕಾದದ್ದು ಐದು ವರ್ಷದವಳಿಗೆ ನಿಷಿದ್ಧ. ಅವಳಿಗೆ ಸಾಕಾದ ಹೊತ್ತಿನಲ್ಲಿ ಅವನಿಗೆ ಇನ್ನೂ ಆರಂಭ. ಚಿಕ್ಕದರ ಅಳತೆಗೆ ದಿನವನ್ನು ಕತ್ತರಿಸಿದರೆ ನಷ್ಟವೆಲ್ಲ ದೊಡ್ಡವನಿಗೆ. ಮನೆಯಲ್ಲಿ ಯಾವಾಗಲೂ "ನೀನು ದೊಡ್ಡವನಲ್ಲವೆ" ಎಂದು ಬಿಟ್ಟುಕೊಡತಕ್ಕವನು ಅವನೇ. ಮೂರೂವರೆಯ ಪಕ್ಷದವರು ಈ ಅನ್ಯಾಯವನ್ನು ಕಂಡೂ ಕಾಣದಂತಿದ್ದರೆಂದು ಹೇಳದೆ ವಿಧಿಯಿಲ್ಲ.

ಮಗನಿಗೆ ಈ ಲೆಕ್ಕಗಳೊಂದೂ ಹಿಡಿಸಲಿಲ್ಲ. ಇಂಜಿನಿಯರಾದವನಿಗೆ ಭಾಗಾಕಾರ ತಿಳಿಯದೆಂದಲ್ಲ. ಒಂದು ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಅವನು ಹೇಳಿದನು: "ಅಪ್ಪ, ಎರಡು ವರ್ಷ ನಾನಿರೋದಿಲ್ಲ. ವಾರಕ್ಕೊಂದು ದಿನ ಬಂದು ಹೋಗುತ್ತಿದ್ದದ್ದೂ ಇನ್ನಿಲ್ಲ. ಒಂದು ದಿನವಾದರೂ ಅವರಿಗೆ ಪೂರ್ತಿ ಕೊಡಬೇಡವೆ?" ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನ ಪೂರ್ತಿ ಕೊಡಪ್ಪ. ಅದನ್ನು ಆ ಬೇಲಿಯೊಳಗೇ ಕೊಡಬೇಕೆಂದು ಎಲ್ಲಿದೆ?" ಎಂದರು. ಅಷ್ಟಕ್ಕೆ ಮಾತು ನಿಂತಿತು. ಹಿಂದಿನ ಆ ಸಂಜೆಯ ಏಟಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಇಬ್ಬರ ಮನಸ್ಸಿನಲ್ಲಿಯೂ ಅದು ಇತ್ತೆಂಬುದು ಅಜ್ಜಿಗೆ ಅಡಿಗೆಮನೆಯಿಂದಲೇ ತಿಳಿಯಿತು.

ನೆನಪಿನ ನಡತೆಯನ್ನು ಕುರಿತು ಮನಶ್ಶಾಸ್ತ್ರಜ್ಞರು ಮಾಡಿದ ಪರೀಕ್ಷೆಯೊಂದು ಈ ಪ್ರಸಂಗಕ್ಕೆ ಒಪ್ಪುವಂತಿದೆ. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಡೇನಿಯಲ್ ಕಾನೆಮನ್ ಎಂಬವರೂ ಅವರ ಜತೆಗಾರರೂ 1993ರಲ್ಲಿ ಪ್ರಕಟಿಸಿದ್ದು. ಜನರ ಒಂದು ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಇಡಿಸಿದರು. ಇನ್ನೊಂದು ಸಲ ಇನ್ನೊಂದು ಕೈಯನ್ನು ಅದೇ ನೀರಿನಲ್ಲಿ 60 ಸೆಕೆಂಡು ಇಡಿಸಿ, ಮೇಲೆ ಇನ್ನೂ 30 ಸೆಕೆಂಡು, ನೀರನ್ನು ಮೆಲ್ಲಗೆ 15 ಡಿಗ್ರಿಗೆ ಏರಿಸುತ್ತ, ಇಡಿಸಿದರು. ಯಾವುದನ್ನು ಮತ್ತೊಮ್ಮೆ ಮಾಡುವಿರೆಂದು ಕೇಳಿದಾಗ ಹೆಚ್ಚು ಮಂದಿ ಎರಡನೆಯದನ್ನೇ ಆರಿಸಿಕೊಂಡರು. ಒಟ್ಟು ಯಾತನೆ ಅದರಲ್ಲಿಯೇ ಹೆಚ್ಚು. ಆದರೆ ಕೊನೆ ಅಷ್ಟಿಷ್ಟು ಹಿತವಾಗಿತ್ತು. ಎಷ್ಟು ಹೊತ್ತೆಂಬುದನ್ನು ನೆನಪು ಲೆಕ್ಕವಿಡುವುದಿಲ್ಲ. ಅತ್ಯಂತ ತೀವ್ರವಾದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಹಿಡಿದಿಟ್ಟು ಉಳಿದದ್ದನ್ನು ಬಿಡುತ್ತದೆಂದು ಅವರು ಹೇಳಿದರು. ಭೋಜನದ ಕೊನೆಗೆ ಮೊಸರನ್ನವನ್ನು ಗೊತ್ತುಮಾಡಿದ ಹಿಂದಿನವರು ಈ ಪರೀಕ್ಷೆಗಾಗಿ ಕಾಯಲಿಲ್ಲವೆಂದು ಯಾರಾದರೂ ಹೇಳಿದರೆ, ಅದು ಸ್ವಲ್ಪ ಹೆಚ್ಚಿನ ಮಾತಾದರೂ ಕೇಳುವುದಕ್ಕೆ ಹಿತವಾಗಿದೆ.

ಕೊನೆಗೆ ಗೊತ್ತಾದದ್ದು ಹೀಗೆ. ಬುಧವಾರ ಹೋಗುವುದು, ಬಾಗಿಲು ತೆರೆಯುವಾಗಲೇ ಅಲ್ಲಿರುವುದು. ಮೊದಲು ಎರಡು ಗಂಟೆ ತಂದೆಯೂ ಮಗನೂ ದೊಡ್ಡ ಯಂತ್ರಗಳಿಗೆ. ತಾಯಿಯೂ ಅಜ್ಜಿಯೂ ಮಗುವೂ ಚಿಕ್ಕ ಆಟಗಳಿಗೆ. ಊಟವಾದ ಮೇಲೆ ಎಲ್ಲರೂ ಕೂಡಿ ಅಲೆಯ ಕೊಳಕ್ಕೆ. ಮೂರೂವರೆಗೆ ಹೊರಗೆ. ಈ ಹೊತ್ತನ್ನು ಹೊರಡುವ ಮುನ್ನವೇ ಮಕ್ಕಳಿಗೆ ಹೇಳಿಬಿಡತಕ್ಕದ್ದೆಂದು ಸೊಸೆ ಪಟ್ಟುಹಿಡಿದಳು. ಅವಳ ಅಭಿಪ್ರಾಯ ಸರಿಯಾದದ್ದು. ನಡುವೆ ಥಟ್ಟನೆ ಏಳಿಸಿದರೆ ಮಕ್ಕಳು ಅದನ್ನು ಶಿಕ್ಷೆಯೆಂದು ತಿಳಿಯುತ್ತಾರೆ; ಮೊದಲೇ ಹೇಳಿದರೆ ಕರಾರೆಂದು ತಿಳಿಯುತ್ತಾರೆ. ಹುಡುಗನು ಕರಾರಿಗೆ ಒಪ್ಪಿದನು, ಆದರೆ ನಾಲ್ಕು ಗಂಟೆಯೆಂದು ಚೌಕಾಸಿ ಮಾಡಿ ನೋಡಿದ ಮೇಲೆ.

ಆ ದಿನದ ವಿವರವನ್ನು ಬೆಳಸಬೇಕಾದುದಿಲ್ಲ. ಸಾಲುಗಳು ಚಿಕ್ಕವಾಗಿದ್ದುವು, ಶಿರಸ್ತೇದಾರರ ತ್ರೈರಾಶಿಕವು ಸುಳ್ಳಾಗಲಿಲ್ಲ. ಹುಡುಗನು ತಂದೆಯ ಪಕ್ಕದಲ್ಲಿ ಕುಳಿತು, ತಲೆಕೆಳಗಾಗಿ ಸುತ್ತುವ ಬಂಡಿಯಲ್ಲಿ ಎರಡು ಸಲ ಸುತ್ತಿದನು. ಎರಡನೆಯ ಸಲ ಕಿರುಚಿದವನು ತಂದೆಯೇ ಎಂದು ಎಲ್ಲರಿಗೂ ಹೇಳಿದನು. ಹೆಣ್ಣುಮಗು ಒಂದು ಯಂತ್ರದ ಬಾಗಿಲಿನಲ್ಲಿ ತಾನಾಗಿ ಹೋಗಿ ಗುರುತಿನ ಕೆಳಗೆ ನಿಂತಿತು. ನಾಲ್ಕು ಬೆರಳು ಕಡಿಮೆ. ಅಲ್ಲಿದ್ದ ಹುಡುಗಿ ನಕ್ಕು, "ಮುಂದಿನ ಸಲ ಬಾ ಪುಟ್ಟಿ" ಎಂದಳು. ಮಗು ಅಳಲಿಲ್ಲ. ತಂದೆಯನ್ನು ಹುಡುಕಿಕೊಂಡು ಹೋಗಿ, ನಾಲ್ಕು ಬೆರಳು ಬೆಳೆಯುವುದಕ್ಕೆ ಎಷ್ಟು ದಿನ ಬೇಕೆಂದು ಕೇಳಿತು. ಅವನು ತಕ್ಷಣ ಉತ್ತರ ಹೇಳಲಾರದೆ ಹೋದನು.

ಮಧ್ಯಾಹ್ನ ಕೊಳದಲ್ಲಿ ಅಲೆಗಳು ನಿಂತು ನಿಂತು ಬರುತ್ತಿದ್ದುವು. ತಂದೆಯು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಮಗನ ಕೈಯನ್ನು ಹಿಡಿದು, ಎದೆಮಟ್ಟದ ನೀರಿನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿದ್ದನು. ಮೂರು ಗಂಟೆ ಹತ್ತು ನಿಮಿಷಕ್ಕೆ ದಡದಲ್ಲಿ ಕುಳಿತಿದ್ದ ಹಿರಿಯರು ಗಡಿಯಾರ ನೋಡಿದರು. ಮಗನ ಮುಖವನ್ನು ನೋಡಿದರು. ಗಡಿಯಾರವನ್ನು ಜೇಬಿಗೆ ಹಾಕಿದರು. ಮೂರೂವರೆಯ ಮತವನ್ನು ಒಂದು ವಾರ ಸಾಧಿಸಿದವರು, ಕರೆಯುವ ಹೊತ್ತು ಬಂದಾಗ ಕರೆಯಲಾರದಾದರು. ಎದ್ದು ಬಂದವನು ಮಗನೇ. ಅಲೆ ಇನ್ನೂ ಏಳುತ್ತಿರುವಾಗಲೇ, ಮಕ್ಕಳಿಬ್ಬರೂ ನಗುತ್ತಿರುವಾಗಲೇ, ಅವರನ್ನು ದಡಕ್ಕೆ ತಂದು, "ಹೊರಡೋಣ ಅಪ್ಪ, ಹೊತ್ತಾಯಿತು" ಎಂದನು.

ಹುಡುಗನು ಮುಖ ಗಂಟುಹಾಕಿಕೊಂಡನು. ಕರಾರು ಕರಾರೇ ಆದರೂ, ಇನ್ನೂ ಎರಡು ಯಂತ್ರಗಳನ್ನು ಅವನು ನೋಡಿರಲಿಲ್ಲ. ಬಾಗಿಲು ಮುಚ್ಚುವುದಕ್ಕೆ ಎರಡೂವರೆ ಗಂಟೆ ಉಳಿದಿತ್ತು. ಹೊರಗೆ ಮರದ ನೆರಳಿನಲ್ಲಿ ಅಜ್ಜಿ ಕೊಟ್ಟ ಮೊಸರನ್ನವನ್ನು ಮಾತಿಲ್ಲದೆ ತಿಂದನು. ಮಗು ಮೋಟಾರು ಹೊರಟ ಐದು ನಿಮಿಷಕ್ಕೆ ನಿದ್ದೆಹೋಯಿತು. 2023ರಲ್ಲಿ ತೆರೆದ ಹೊಸ ಹೆದ್ದಾರಿಯು ಊರುಗಳನ್ನೆಲ್ಲ ಹೊರಗಿಟ್ಟು ಓಡುವುದರಿಂದ, ಬಿಡದಿಯ ತಟ್ಟೆ ಇಡ್ಲಿಯಾಗಲಿ ಚನ್ನಪಟ್ಟಣದ ಬೊಂಬೆಯಾಗಲಿ ಬೇಕಾದವರು ಮನಸ್ಸುಮಾಡಿ ಹಳೆಯ ದಾರಿಗೆ ಇಳಿಯಬೇಕು. ಹೊತ್ತಿದ್ದುದರಿಂದ ಇಳಿದರು. ಚನ್ನಪಟ್ಟಣದ ಒಂದು ಮನೆಯ ಮುಂದಿನ ಕೊಟ್ಟಿಗೆಯಲ್ಲಿ ಒಬ್ಬ ಮುದುಕರು ಬುಗುರಿ ಮಾಡುತ್ತಿದ್ದರು. ಹಾಲೆಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗುತ್ತಿತ್ತು. ಉಳಿಯ ಬಾಯಿಗೆ ಸಿಕ್ಕಿ ಬಿಳಿಯ ಸುರುಳಿಗಳು ಎದ್ದುವು. ಆಮೇಲೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿತು. ಒಣಗಿದ ಗರಿಯನ್ನು ಹಿಡಿದೊಡನೆ ಹೊಳಪು ಬಂದಿತು. ಹುಡುಗನು ಮುನಿಸನ್ನು ಮರೆತು ಮುಂದೆ ಬಾಗಿ ನೋಡಿದನು. "ಎಷ್ಟು ಹೊತ್ತು ಬೇಕು ತಾತ ಒಂದಕ್ಕೆ?" ಎಂದು ಆ ಮುದುಕರನ್ನೇ ಕೇಳಿದನು. "ನೀನು ನೋಡ್ತಾ ನಿಂತರೆ ಬೇಗ ಆಯ್ತದೆ ಕಂದ" ಎಂದು ಅವರು ಇನ್ನೊಂದು ತುಂಡನ್ನು ಹಿಡಿದರು. ಅಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಯಾರೂ ಗಡಿಯಾರ ನೋಡಲಿಲ್ಲ.

ಆದರೂ ಹುಡುಗನು ತನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಆ ದಿನದ ಮಾತು ಬಂದಾಗಲೆಲ್ಲ ಎರಡು ಯಂತ್ರಗಳು ಬಾಕಿಯಿವೆಯೆಂದು ಹೇಳುತ್ತಾನೆ. ಜರ್ಮನಿಯಿಂದ ವಾರಕ್ಕೆರಡು ಸಲ ತಂದೆಯ ಮುಖ ಮೊಬೈಲಿನಲ್ಲಿ ಕಾಣಿಸುವಾಗಲೂ ಒಮ್ಮೆಯಾದರೂ ಜ್ಞಾಪಿಸುತ್ತಾನೆ. ತಂದೆ ಅದನ್ನು ಬರೆದಿಟ್ಟುಕೊಂಡಿರುವುದಾಗಿ ಹೇಳುತ್ತಾನೆ.

ಆ ರಾತ್ರಿ ಮಂಡ್ಯಕ್ಕೆ ಬಂದ ಮೇಲೆ, ನಿದ್ದೆ ತಿಳಿದೆದ್ದ ಮಗುವನ್ನು ನಡುಮನೆಯ ಬಾಗಿಲುವಾಡಕ್ಕೆ ನಿಲ್ಲಿಸಿ, ತಂದೆಯು ಅದರ ತಲೆಯ ಮಟ್ಟಕ್ಕೆ ಪೆನ್ಸಿಲಿನಿಂದ ಒಂದು ಗೆರೆ ಎಳೆದನು. ಅದರ ಮೇಲೆ ನಾಲ್ಕು ಬೆರಳಿಟ್ಟು ಇನ್ನೊಂದು ಗೆರೆ ಎಳೆದನು. ಮೇಲಿನ ಗೆರೆಗೆ ತಲೆ ಮುಟ್ಟಿದಾಗ ತಾನು ಬರುವುದಾಗಿ ಹೇಳಿದನು. ಅಜ್ಜಿ ಹಬ್ಬಕ್ಕೆ ಬಾಗಿಲು ತೊಳೆಯುವಾಗ ಅಷ್ಟು ಜಾಗವನ್ನು ಬಿಟ್ಟು ತೊಳೆಯುತ್ತಾರೆ. ಮರುವರ್ಷ ಯುಗಾದಿಯ ದಿನ, ಎಣ್ಣೆನೀರಾದ ಮೇಲೆ, ಮಗು ಹಿರಿಯರ ಕೈಹಿಡಿದು ಕರೆದುಕೊಂಡು ಹೋಗಿ ಗೆರೆಯ ಕೆಳಗೆ ನಿಂತು ಅಳೆಯಹೇಳಿತು. ಇನ್ನೂ ಒಂದು ಬೆರಳು ಬಾಕಿಯಿತ್ತು.